ಕೆಲಸಕ್ಕೆ ಮರಳಿದ ತಾಯಿ, ಎದೆಹಾಲು ಮತ್ತು ಅವಳ ಸುತ್ತಲಿನವರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರು ಮಕ್ಕಳಿಗೂ ಹಾಲೂಡಿಸುತ್ತಲೇ ಕೆಲಸಕ್ಕೆ ಹೋದವಳು ನಾನು. ಮೊದಲ ಸಲ ಹಳೆಯ ಫೈಲುಗಳ ಕೋಣೆಯಲ್ಲಿ ಬಾಗಿಲಿಗೆ ಕುರ್ಚಿ ಅಡ್ಡ ಕೊಟ್ಟು, ಹೊರಗೆ ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಉಸಿರು ಬಿಗಿಹಿಡಿದು ಹಾಲು ಹಿಂಡುತ್ತಿದ್ದೆ. ಎರಡನೆಯ ಸಲ, ಬೇರೆ ಕಡೆ, ಒಳಗಿನಿಂದ ಚಿಲಕವಿದ್ದ ಒಂದು ಸಣ್ಣ ಕೋಣೆ ಸಿಕ್ಕಿತು. ಮೊದಲ ಸಲ ಅರ್ಧ ಗಂಟೆಯಾದರೂ ತುಂಬದ ಸೀಸೆ ಎರಡನೆಯ ಸಲ ಕಾಲು ಗಂಟೆಯಲ್ಲಿ ತುಂಬುತ್ತಿತ್ತು. ಆಮೇಲೆ ಗೆಳತಿಯರು, ಅವರ ಗಂಡಂದಿರು, ಒಬ್ಬಿಬ್ಬರು ಮೇಲಧಿಕಾರಿಗಳು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಜ್ವರ, ಗಡ್ಡೆ, ಮಗುವಿನ ತೂಕದ ವಿಷಯ ಬಂದರೆ ಮಾತ್ರ ಓದುತ್ತಾ ಕೂರಬೇಡಿ, ವೈದ್ಯರ ಬಳಿ ಹೋಗಿ.

ರಜೆ ಮುಗಿಯುತ್ತಿದೆ. ಇನ್ನು ಹಾಲು ಬಿಡಿಸಲೇಬೇಕೆ?

ಬೇಕಿಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ 2 ವರ್ಷ ಅಥವಾ ಅದಕ್ಕೂ ಮುಂದಕ್ಕೆ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಸಲಹೆ. ಕೆಲಸಕ್ಕೆ ಹೋಗುವವರಿಗೆ ಬೇರೆ ಲೆಕ್ಕ ಎಂದು ಅದರಲ್ಲಿಲ್ಲ.

ಆದರೆ ಇದನ್ನು ‘ಪೂರ್ತಿ ಇಲ್ಲವೇ ಏನೂ ಇಲ್ಲ’ ಎಂದು ತಿಳಿಯಬೇಡಿ. ಹಗಲಿಗೆ ಹಿಂಡಿಟ್ಟ ಹಾಲು, ಉಳಿದಂತೆ ಎದೆ ಎನ್ನುವವರಿದ್ದಾರೆ. ಹಗಲಿಗೆ ಬೇರೆ ಹಾಲು, ಬೆಳಗ್ಗೆ ಮತ್ತು ರಾತ್ರಿ ಎದೆ ಎನ್ನುವವರಿದ್ದಾರೆ. ಮಗುವನ್ನು ಮಧ್ಯಾಹ್ನ ಕೆಲಸದ ಜಾಗಕ್ಕೇ ಕರೆಸಿಕೊಂಡು ಕುಡಿಸುವವರೂ ಇದ್ದಾರೆ. ಕುಡಿಸಿದಷ್ಟೂ ಲಾಭವೇ.

ತಯಾರಿ ಯಾವಾಗಿನಿಂದ ಶುರುಮಾಡಬೇಕು?

ಎರಡು ಮೂರು ವಾರ ಮುಂಚೆ ಸಾಕು. ಫ್ರೀಜರ್ ತುಂಬ ಹಾಲಿನ ಪೊಟ್ಟಣ ಜೋಡಿಸಿದ ಫೋಟೋಗಳನ್ನು ನೋಡಿ ಗಾಬರಿಯಾಗಬೇಡಿ. ನಿಮಗೆ ಬೇಕಿರುವುದು ಮೊದಲ ಒಂದೆರಡು ದಿನಕ್ಕಾಗುವಷ್ಟು ಮಾತ್ರ. ಇವತ್ತು ಕೆಲಸದಲ್ಲಿ ಹಿಂಡಿದ್ದು ನಾಳೆ ಮಗುವಿಗೆ, ನಾಳೆ ಹಿಂಡಿದ್ದು ನಾಡಿದ್ದಿಗೆ, ಹೀಗೆ ಸಾಗುತ್ತದೆ.

ಬೆಳಗ್ಗೆ ಮೊದಲ ಸಲ ಕುಡಿಸಿದ ಅರ್ಧ ಮುಕ್ಕಾಲು ಗಂಟೆಯ ಮೇಲೆ ಒಮ್ಮೆ ಹಿಂಡಿ ಅಭ್ಯಾಸ ಮಾಡಿ. ಬಹಳ ತಾಯಂದಿರಿಗೆ ಆ ಹೊತ್ತಿನಲ್ಲಿ ಹಾಲು ಹೆಚ್ಚು. ಜೊತೆಗೆ ಒಂದು ದಿನ ಸುಳ್ಳುಸುಳ್ಳೇ ಕೆಲಸಕ್ಕೆ ಹೊರಡಿ: ಮಗುವನ್ನು ನೋಡಿಕೊಳ್ಳುವವರ ಕೈಗೆ ಒಪ್ಪಿಸಿ, ನಾಲ್ಕು ಗಂಟೆ ಹೊರಗಿದ್ದು ಬನ್ನಿ. ಎಲ್ಲಿ ಎಡವುತ್ತೀರಿ ಎಂಬುದು ಅವತ್ತೇ ಗೊತ್ತಾಗುತ್ತದೆ. ನಾನು ಎಡವಿದ್ದು ಸೀಸೆಯ ಮುಚ್ಚಳದಲ್ಲಿ, ಅದು ಮನೆಯಲ್ಲೇ ಉಳಿದಿತ್ತು.

ಇನ್ನೊಂದು ಮಾತು. ಸಾಧ್ಯವಾದರೆ ಸೋಮವಾರ ಕೆಲಸಕ್ಕೆ ಮರಳಬೇಡಿ. ಬುಧವಾರವೋ ಗುರುವಾರವೋ ಹೋಗಿ. ಎರಡು ಮೂರು ದಿನಕ್ಕೆ ವಾರದ ರಜೆ ಬಂದರೆ ಎದೆಗೂ ಮನಸ್ಸಿಗೂ ಉಸಿರು ತಿರುಗುತ್ತದೆ.

ಕೆಲಸದ ಹೊತ್ತಿನಲ್ಲಿ ಎಷ್ಟು ಸಲ ಹಾಲು ಹಿಂಡಬೇಕು?

ಮಗು ಎಷ್ಟು ಸಲ ಕುಡಿಯುತ್ತಿತ್ತೋ ಹೆಚ್ಚುಕಡಿಮೆ ಅಷ್ಟು ಸಲ. 6 ತಿಂಗಳೊಳಗಿನ ಮಗುವಾದರೆ ಸುಮಾರು 3 ಗಂಟೆಗೊಮ್ಮೆ, ಅಂದರೆ 8 ಗಂಟೆಯ ಕೆಲಸಕ್ಕೆ ಎರಡು ಅಥವಾ ಮೂರು ಸಲ. ಹಿಂಡಲು 15ರಿಂದ 20 ನಿಮಿಷ. ಕೈ ತೊಳೆಯುವುದು, ಪಂಪ್ ಜೋಡಿಸುವುದು, ತೊಳೆದಿಡುವುದು ಸೇರಿದರೆ ಅರ್ಧ ಗಂಟೆ. ಕೋಣೆ ನಾಲ್ಕು ಮಹಡಿ ಕೆಳಗಿದ್ದರೆ ಲಿಫ್ಟಿಗೆ ಕಾಯುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಹೇಳಲು ಕಾರಣವಿದೆ: ‘ಹದಿನೈದು ನಿಮಿಷ ಬಿಡುವು ಕೊಟ್ಟಿದ್ದೇವಲ್ಲ’ ಎನ್ನುವವರು ಆ ಹದಿನೈದರಲ್ಲಿ ಹತ್ತು ನಿಮಿಷ ನಡೆದಾಟಕ್ಕೇ ಹೋಗುವುದನ್ನು ನೋಡಿರುವುದಿಲ್ಲ.

ಮಗು ಬೇರೆ ಆಹಾರ ತಿನ್ನತೊಡಗಿದ ಮೇಲೆ ಸಲಗಳು ತಾವಾಗಿ ಕಡಿಮೆಯಾಗುತ್ತವೆ.

ಒಂದು ಹೊತ್ತು ತಪ್ಪಿದರೆ ಏನಾಗುತ್ತದೆ? ಮೀಟಿಂಗ್ ಮುಗಿಸಿ ಹೋದರಾಗದೆ?

ಮೇಲಧಿಕಾರಿಗಳು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎದೆಹಾಲು ಟ್ಯಾಂಕಿನಲ್ಲಿ ತುಂಬಿಟ್ಟ ನೀರಲ್ಲ, ಬಾವಿಯ ಒರತೆ. ತೆಗೆದಷ್ಟೂ ಊರುತ್ತದೆ, ತೆಗೆಯದೆ ಬಿಟ್ಟರೆ ಊರುವುದು ನಿಧಾನವಾಗುತ್ತದೆ. ಮಗು ಚೀಪಿದಾಗ ಅಥವಾ ಪಂಪ್ ಎಳೆದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಮಾಡಿಸುತ್ತದೆ. ಆಕ್ಸಿಟೋಸಿನ್ ಹಾಲಿನ ಚೀಲಗಳ ಸುತ್ತಲಿನ ಪುಟ್ಟ ಸ್ನಾಯುಗಳನ್ನು ಹಿಂಡಿ ಹಾಲನ್ನು ಕೆಳಗಿಳಿಸುತ್ತದೆ. ಎದೆ ತುಂಬಿಯೇ ಉಳಿದರೆ ‘ಇನ್ನು ಸಾಕು’ ಎಂಬ ಸೂಚನೆ ಎದೆಯೊಳಗೇ ಹುಟ್ಟುತ್ತದೆ. ಒಂದು ದಿನ ಒಂದು ಹೊತ್ತು ತಪ್ಪಿದರೆ ಪ್ರಳಯವೇನೂ ಆಗುವುದಿಲ್ಲ. ದಿನಾ ತಪ್ಪಿದರೆ ಕೆಲವೇ ವಾರಗಳಲ್ಲಿ ‘ನನಗೆ ಹಾಲು ಬತ್ತಿಹೋಯಿತು’ ಎಂದು ತಾಯಿ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಬತ್ತಿಸಿದ್ದು ಮೀಟಿಂಗು.

ಆ ಹೊತ್ತಿನಲ್ಲಿ ಮೈಗೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೂರು ಗಂಟೆ ದಾಟಿತು ಎನ್ನುವಾಗ ಎದೆ ಬಿಗಿಯತೊಡಗುತ್ತದೆ. ನಾಲ್ಕಕ್ಕೆ ಕಲ್ಲಿನಂತಾಗುತ್ತದೆ, ಕೈ ಎತ್ತಿದರೆ ಕಂಕುಳವರೆಗೆ ಸೆಳೆತ. ಅಷ್ಟರಲ್ಲಿ ಪಕ್ಕದವರ ಫೋನಿನಲ್ಲಿ ಯಾವುದೋ ಮಗು ಅತ್ತ ಸದ್ದು ಕೇಳಿದರೂ ಸಾಕು, ಹಾಲು ತಾನಾಗಿ ಇಳಿದು ಬಟ್ಟೆ ಒದ್ದೆಯಾಗುತ್ತದೆ. ಎದುರಿನವರು ತಿಂಗಳ ಲೆಕ್ಕ ಓದುತ್ತಿದ್ದರು. ನಾನು ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು ತಲೆಯಾಡಿಸುತ್ತಿದ್ದೆ. ಅವತ್ತಿನ ಲೆಕ್ಕದಲ್ಲಿ ಒಂದಂಕಿಯೂ ನನಗೆ ನೆನಪಿಲ್ಲ.

ಕೋಣೆ ಹೇಗಿರಬೇಕು?

ಒಳಗಿನಿಂದ ಹಾಕುವ ಚಿಲಕ. ಒರಗು ಇರುವ ಕುರ್ಚಿ. ಪಂಪ್ ಇಡಲು ಸಣ್ಣ ಮೇಜು, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟ್. ಹತ್ತಿರದಲ್ಲೇ ನಲ್ಲಿ, ಸೋಪು. ಕ್ಯಾಮೆರಾ ಇರಬಾರದು, ಗಾಜಿನ ಗೋಡೆಯಿದ್ದರೆ ಪರದೆ ಬೇಕು. ಅಷ್ಟೇ. ಗುಲಾಬಿ ಬಣ್ಣ, ಗೋಡೆಯ ಮೇಲೆ ನಗುವ ಮಗುವಿನ ಚಿತ್ರ, ಸೋಫಾ ಇವೆಲ್ಲ ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವಿಲ್ಲ.

ಚಿಲಕಕ್ಕೆ ನಾನು ಇಷ್ಟು ತೂಕ ಕೊಡುವುದು ಹಟಕ್ಕಲ್ಲ. ಆಕ್ಸಿಟೋಸಿನ್ ಹೆದರಿಕೆಯ ಮುಂದೆ ನಿಲ್ಲುವುದಿಲ್ಲ. ಯಾರಾದರೂ ಬಾಗಿಲು ತೆಗೆದುಬಿಟ್ಟಾರು ಎಂಬ ಆತಂಕವಿರುವಷ್ಟು ಹೊತ್ತೂ ಎದೆ ತುಂಬಿದ್ದರೂ ಹಾಲು ಇಳಿಯುವುದು ತಡೆಯುತ್ತದೆ. ಬಾಗಿಲಿನ ಹೊರಗೆ ‘ಒಳಗೆ ಇದ್ದಾರೆ’ ಎಂದು ತಿರುಗಿಸಿ ಹಾಕುವ ಒಂದು ಫಲಕವೂ ಇದ್ದರೆ, ಇಪ್ಪತ್ತೈದು ನಿಮಿಷದ ಕೆಲಸ ಹದಿನೈದಕ್ಕೆ ಮುಗಿಯುವುದುಂಟು. ನಿಮಿಷಗಳ ಲೆಕ್ಕ ಹಾಕುವ ಆಡಳಿತದವರಿಗೆ ಇದನ್ನು ಮೊದಲು ಹೇಳಿ.

ಮತ್ತೆ ಶೌಚಾಲಯ? ಅಲ್ಲೂ ಚಿಲಕವಿದೆಯಲ್ಲ?

ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳುತ್ತಾರೆ. ಅಲ್ಲಿ ಕೂತು ನೀವು ಊಟ ಮಾಡುತ್ತೀರಾ? ಅದು ಮಗುವಿನ ಊಟ.

ಕೋಣೆಯೇ ಇಲ್ಲದ ಕೆಲಸ ನಮ್ಮದು. ನಾವೇನು ಮಾಡಬೇಕು?

ಈ ವಿಷಯದ ಬರಹಗಳೆಲ್ಲ ಮೇಜು ಕುರ್ಚಿಯ ನೌಕರಿಯನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದಂತಿರುತ್ತವೆ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಇನ್ನೊಬ್ಬರ ಮನೆಯಲ್ಲಿ ದುಡಿಯುವವರೇ ಹೆಚ್ಚು, ಅವರಿಗೆ ಸಿಗುವುದೇ ಕಡಿಮೆ.

ಇಲ್ಲಿ ಕೈಯಿಂದ ಹಿಂಡುವುದನ್ನು ಕಲಿತಿರುವುದು ದೊಡ್ಡ ಆಸ್ತಿ. ಪಂಪ್ ಬೇಡ, ಕರೆಂಟ್ ಬೇಡ. ಶುಚಿಯಾದ ಅಗಲ ಬಾಯಿಯ ಪಾತ್ರೆ, ತೊಳೆದ ಕೈ ಸಾಕು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರುವಂತೆ ಅದುಮಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ, ತೊಟ್ಟನ್ನು ಎಳೆಯಬೇಡಿ. ಮೊದಲೊಂದು ನಿಮಿಷ ಏನೂ ಬಾರದೆ ಇರಬಹುದು, ಆಮೇಲೆ ಹನಿ, ಆಮೇಲೆ ಸಣ್ಣ ಧಾರೆ. ಹರಿವು ನಿಧಾನವಾದರೆ ಬೆರಳುಗಳನ್ನು ಸುತ್ತ ಸರಿಸಿ.

ಜಾಗಕ್ಕೆ? ಕಟ್ಟಿದ ಕೋಣೆಯೇ ಆಗಬೇಕೆಂದಿಲ್ಲ. ಮಡಚುವ ಪರದೆ, ನಿಂತ ವಾಹನಕ್ಕೆ ಬಟ್ಟೆ ಕಟ್ಟಿ ಮಾಡಿದ ಮರೆ, ಅಂಗಡಿಯ ಹಿಂದಿನ ದಾಸ್ತಾನು ಮೂಲೆ, ಪಕ್ಕದ ಮನೆಯ ಒಳಕೋಣೆ ಇವೆಲ್ಲ ನಡೆಯುತ್ತವೆ. ಮಗುವನ್ನು ಕೆಲಸದ ಸ್ಥಳದ ಹತ್ತಿರವೇ ಯಾರಾದರೂ ನೋಡಿಕೊಳ್ಳುವಂತಿದ್ದರೆ ಎಲ್ಲಕ್ಕಿಂತ ಸುಲಭ. ಹಾಲು ಇಡಲು ಐಸ್ ಪ್ಯಾಕ್ ಹಾಕಿದ ಸಣ್ಣ ಚೀಲ ಸಾಕು. ಅದೂ ಇಲ್ಲದೆ, ಬಿಸಿಲೂ ಜೋರಾಗಿದ್ದರೆ, ಹಿಂಡಿದ ಹಾಲನ್ನು ಚೆಲ್ಲಬೇಕಾಗಿ ಬರಬಹುದು. ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೂ ಹಿಂಡಿ. ಎದೆ ಕಟ್ಟಿಕೊಳ್ಳುವುದಿಲ್ಲ, ಸಂಜೆಯ ಹಾಲು ಉಳಿಯುತ್ತದೆ.

ಬಿಡುವು ಕೊಡಲೇಬೇಕೆಂಬ ನಿಯಮವೇನಾದರೂ ಇದೆಯೆ?

ಇದೆ, ಹೊಸದೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ ವರ್ಷವೇ, 1919ರಲ್ಲಿ, ಅದರ 3ನೆಯ ಒಡಂಬಡಿಕೆ ಹಾಲೂಡಿಸುವ ತಾಯಿಗೆ ಕೆಲಸದ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಬಿಡುವು ಇರಬೇಕೆಂದಿತು. 2000ದ ಹೆರಿಗೆ ರಕ್ಷಣೆಯ ಒಡಂಬಡಿಕೆ, ಸಂಖ್ಯೆ 183, ಕನಿಷ್ಠ 14 ವಾರಗಳ ರಜೆಯ ಜೊತೆಗೆ ದಿನಕ್ಕೆ ಒಂದು ಅಥವಾ ಹೆಚ್ಚು ಬಿಡುವು, ಇಲ್ಲವೇ ಕೆಲಸದ ಅವಧಿಯಲ್ಲಿ ಕಡಿತ ಕೊಡಬೇಕು ಎನ್ನುತ್ತದೆ. ಆ ಹೊತ್ತು ಕೆಲಸದ ಹೊತ್ತೇ, ಸಂಬಳ ಕಡಿಯುವಂತಿಲ್ಲ ಎಂಬುದೂ ಅದರಲ್ಲೇ ಇದೆ. ಅದರ ಜೊತೆಗೆ ಬಂದ 191ನೆಯ ಶಿಫಾರಸು ಕೆಲಸದ ಸ್ಥಳದಲ್ಲಿ ಅಥವಾ ಹತ್ತಿರದಲ್ಲಿ ಶುಚಿಯಾದ ವ್ಯವಸ್ಥೆಯನ್ನು ಕೇಳುತ್ತದೆ.

ಒಡಂಬಡಿಕೆಯನ್ನು ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅದು ಬದ್ಧತೆ. ಎಷ್ಟು ತಿಂಗಳವರೆಗೆ, ದಿನಕ್ಕೆಷ್ಟು ನಿಮಿಷ ಎಂಬುದು ಆಯಾ ದೇಶದ ಕಾನೂನಿನಲ್ಲಿರುತ್ತದೆ. ನಿಮ್ಮ ನೇಮಕಾತಿ ಪತ್ರ, ಸಂಸ್ಥೆಯ ರಜೆ ನಿಯಮಗಳನ್ನು ರಜೆಗೆ ಹೋಗುವ ಮುಂಚೆಯೇ ಓದಿಕೊಳ್ಳಿ. ಮಗು ಬಂದ ಮೇಲೆ ಓದುವ ಪುರುಸೊತ್ತು ಎಲ್ಲಿ!

ಮೇಲಧಿಕಾರಿಯನ್ನು ಹೇಗೆ ಕೇಳುವುದು? ನಾಚಿಕೆಯಾಗುತ್ತದೆ.

ಒಂದೇ ಸಲ, ಬರವಣಿಗೆಯಲ್ಲಿ, ಕೆಲಸಕ್ಕೆ ಮರಳುವ ಕೆಲವು ವಾರ ಮುಂಚೆ ಕೇಳಿ. ದಿನಾ ‘ಸರ್, ಸ್ವಲ್ಪ ಹೋಗಿಬರ್ಲಾ?’ ಎಂದು ಕೇಳಬೇಕಾದ ಸ್ಥಿತಿಗೆ ಬೀಳಬೇಡಿ. ಸೋಲಿಸುವುದು ಆ ದಿನನಿತ್ಯದ ಅನುಮತಿಯೇ. ನನ್ನ ಗೆಳತಿಯೊಬ್ಬಳು ಕಳಿಸಿದ ಪತ್ರ ಇಷ್ಟೇ ಇತ್ತು:

‘ಮುಂದಿನ ತಿಂಗಳ ಮೊದಲ ವಾರ ಕೆಲಸಕ್ಕೆ ಹಾಜರಾಗುತ್ತೇನೆ. ಮಗುವಿಗೆ ಎದೆಹಾಲು ಮುಂದುವರಿಸುತ್ತಿರುವುದರಿಂದ ಬೆಳಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ತಲಾ ಅರ್ಧ ಗಂಟೆ ಬೇಕಾಗುತ್ತದೆ. ಒಳಗಿನಿಂದ ಚಿಲಕವಿರುವ ಒಂದು ಜಾಗ ಬೇಕು. ಎರಡನೆಯ ಮಹಡಿಯ ಸಣ್ಣ ಕೋಣೆ ಆ ಹೊತ್ತಿನಲ್ಲಿ ಖಾಲಿ ಇರುತ್ತದೆ. ಈ ಎರಡು ಹೊತ್ತನ್ನು ನನ್ನ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕುತ್ತಿದ್ದೇನೆ.’

ಗಮನಿಸಿ, ಕ್ಷಮೆ ಕೇಳಿಲ್ಲ, ಎದೆಹಾಲಿನ ಮಹಿಮೆಯನ್ನೂ ಹೇಳಿಲ್ಲ. ಹೊತ್ತು, ಜಾಗ, ಅದಕ್ಕೊಂದು ಸಿದ್ಧ ಪರಿಹಾರ. ಉತ್ತರ ಒಂದೇ ಸಾಲಿನಲ್ಲಿ ಬಂತಂತೆ: ‘ಆಗಲಿ, ಬೀಗದ ಕೈ ಆಡಳಿತದವರ ಹತ್ತಿರ ಇಸ್ಕೊಳ್ಳಿ.’

ನಾನು ಗಂಡಸು, ನನ್ನ ಕೈಕೆಳಗೆ ಒಬ್ಬ ತಾಯಿ ಕೆಲಸಕ್ಕೆ ಮರಳುತ್ತಿದ್ದಾರೆ. ಹೇಗೆ ಮಾತಾಡಲಿ?

‘ನಿಮಗೆ ಬೇಕಾದ ಹೊತ್ತು, ಜಾಗ ಎರಡೂ ಇದೆ. ಬೇರೇನಾದರೂ ಬೇಕಿದ್ದರೆ ಹೇಳಿ.’ ಇಷ್ಟು ಹೇಳಿ ಬೇರೆ ವಿಷಯಕ್ಕೆ ಹೋಗಿಬಿಡಿ. ಅವರು ಹಾಲೂಡಿಸುತ್ತಿದ್ದಾರೋ ಇಲ್ಲವೋ ಎಂದು ವಿಚಾರಿಸುವುದು ನಿಮ್ಮ ಕೆಲಸವಲ್ಲ. ರಜೆಗೆ ಹೊರಟ ಪ್ರತಿಯೊಬ್ಬರಿಗೂ ಈ ಸೌಲಭ್ಯದ ಮಾಹಿತಿ ಕೊಡುವ ಪದ್ಧತಿಯಿದ್ದರೆ ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ. ಆ ಹೊತ್ತಿನಲ್ಲಿ ಮೀಟಿಂಗ್ ಇಡಬೇಡಿ. ತಮಾಷೆ ಮಾಡುವವರಿದ್ದರೆ ತಡೆಯುವುದು ನಿಮ್ಮ ಕೆಲಸ, ಆಕೆಯದಲ್ಲ.

‘ಅವರಿಗೆ ಮಾತ್ರ ಬಿಡುವು, ನಮಗಿಲ್ಲ’ ಎಂದು ಉಳಿದವರು ಗೊಣಗುತ್ತಾರೆ. ಏನು ಹೇಳಲಿ?

ಬಿಡುವು ಎಂಬ ಪದವೇ ತಪ್ಪು ದಾರಿಗೆಳೆಯುತ್ತದೆ. ಅಲ್ಲಿ ಕಾಲು ಚಾಚಿ ಕೂತು ಯಾರೂ ದಣಿವಾರಿಸಿಕೊಳ್ಳುವುದಿಲ್ಲ. ಆದರೆ ಗೊಣಗಾಟದ ಹಿಂದೆ ನಿಜವಾದ ದೂರು ಇರುವುದೂ ಉಂಟು: ಆ ಅರ್ಧ ಗಂಟೆ ಕೌಂಟರಿನಲ್ಲಿ ಕೂರುವ ಇನ್ನೊಬ್ಬರಿಗೆ ತಮ್ಮ ಕೆಲಸವೂ ಬಾಕಿ ಬೀಳುತ್ತದೆ. ಅದಕ್ಕೆ ತಾಯಿ ಉತ್ತರ ಕೊಡಬೇಕಿಲ್ಲ, ಕೆಲಸ ಹಂಚುವವರು ಕೊಡಬೇಕು. ಬದಲಿ ಯಾರು ಎಂಬುದನ್ನು ಮೊದಲೇ ಬರೆದು ಹಾಕಿದ ಕಡೆ ಈ ಗೊಣಗಾಟ ನಾನು ಕೇಳಿದ್ದು ಕಡಿಮೆ. ಎದೆಹಾಲು ಕುಡಿಯುವ ಮಕ್ಕಳಲ್ಲಿ ಭೇದಿ, ಉಸಿರಾಟದ ಸೋಂಕು ಕಡಿಮೆ. ಮಗುವಿಗೆ ಹುಷಾರಿಲ್ಲವೆಂದು ಹಾಕುವ ರಜೆಯೂ ಕಡಿಮೆ ಎಂಬ ಲೆಕ್ಕವೂ ಇದೆ.

ಎಲ್ಲರ ಊಟವಿಡುವ ಫ್ರಿಜ್‌ನಲ್ಲಿ ಎದೆಹಾಲು ಇಡಬಹುದೆ? ಎಷ್ಟು ಹೊತ್ತು ಕೆಡುವುದಿಲ್ಲ?

ಇಡಬಹುದು. ಅದು ಆಹಾರ, ಅದಕ್ಕೆ ಬೇರೆ ಫ್ರಿಜ್ ಬೇಕಿಲ್ಲ. ಮುಚ್ಚಳ ಬಿಗಿಯಾಗಿ ಹಾಕಿ, ಹೆಸರು, ದಿನಾಂಕ, ಹೊತ್ತು ಬರೆದು, ಒಂದು ಡಬ್ಬಿಯೊಳಗಿಟ್ಟು ಒಳಭಾಗಕ್ಕೆ ತಳ್ಳಿ. ಬಾಗಿಲಿನ ತಟ್ಟೆಯಲ್ಲಿ ಬೇಡ, ತೆಗೆದು ಹಾಕುವಾಗ ಅಲ್ಲಿ ಬಿಸಿ ತಾಗುತ್ತಿರುತ್ತದೆ. ಹೆಸರು ಬರೆಯದೆ ಇಟ್ಟ ನನ್ನ ಸೀಸೆಯನ್ನು ಒಮ್ಮೆ ಯಾರೋ ಕಾಫಿಗೆ ಸುರಿದುಕೊಳ್ಳಲು ಹೊರಟಿದ್ದರು. ಅಂದಿನಿಂದ ದಪ್ಪ ಮಾರ್ಕರ್ ಪೆನ್ನು ನನ್ನ ಚೀಲದಲ್ಲಿ ಕಾಯಂ.

ಆರೋಗ್ಯವಂತ, ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ ಲೆಕ್ಕ ಹೀಗೆ. ಈಗತಾನೆ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಐಸ್ ಪ್ಯಾಕ್ ಹಾಕಿದ ಚೀಲದಲ್ಲಿ 24 ಗಂಟೆ ಇರುತ್ತದೆ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 6 ತಿಂಗಳೊಳಗೆ ಬಳಸಿದರೆ ಒಳ್ಳೆಯದು. ಗಡ್ಡೆಕಟ್ಟಿದ ಹಾಲನ್ನು ಫ್ರಿಜ್‌ನಲ್ಲಿ ಕರಗಿಸಿದರೆ 24 ಗಂಟೆಯೊಳಗೆ ಮುಗಿಸಿ, ಮತ್ತೆ ಗಡ್ಡೆಕಟ್ಟಿಸಬೇಡಿ. ಮಗು ಬಾಯಿಟ್ಟು ಬಿಟ್ಟ ಹಾಲು 2 ಗಂಟೆ ದಾಟಿದರೆ ಬೇಡ. ಅವಧಿಗೆ ಮುನ್ನ ಹುಟ್ಟಿದ ಅಥವಾ ಆಸ್ಪತ್ರೆಯಲ್ಲಿರುವ ಮಗುವಿಗೆ ಈ ಲೆಕ್ಕ ಅನ್ವಯಿಸದು, ಅಲ್ಲಿನವರು ಹೇಳಿದಂತೆ ನಡೆಯಿರಿ.

ಬಿಸಿ ಮಾಡುವುದಾದರೆ ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಸೀಸೆಯನ್ನಿಡಿ. ಮೈಕ್ರೋವೇವ್ ಬೇಡವೇ ಬೇಡ: ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ನಾಲಿಗೆ ಸುಡುವಷ್ಟು ಕಾದಿರುತ್ತದೆ. 60ರಿಂದ 120 ಮಿಲಿಲೀಟರಿನ ಸಣ್ಣ ಪಾಲುಗಳಲ್ಲಿ ಇಟ್ಟರೆ ಚೆಲ್ಲುವುದು ಕಡಿಮೆ.

ಹಾಲು ಎರಡು ಪದರವಾಗಿದೆ, ಸೋಪಿನ ವಾಸನೆ ಬರುತ್ತಿದೆ. ಕೆಟ್ಟಿತೆ?

ಪದರವಾಗುವುದು ಸಹಜ, ಕೊಬ್ಬು ಮೇಲೆ ತೇಲುತ್ತದೆ. ಸೀಸೆಯನ್ನು ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಬಣ್ಣ ತೆಳುನೀಲಿ, ನಸುಹಳದಿ ಏನೂ ಇರಬಹುದು. ಸೋಪಿನ ವಾಸನೆಗೆ ಕಾರಣ ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದು. ಕುಡಿದರೆ ತೊಂದರೆಯಿಲ್ಲ, ಕೆಲವು ಮಕ್ಕಳು ಮುಖ ಹಿಂಡಿಕೊಳ್ಳುತ್ತವೆ ಅಷ್ಟೇ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ.

ಪಂಪ್‌ನಲ್ಲಿ ಬರುವುದೇ ಇಷ್ಟು. ನನಗೆ ಹಾಲು ಕಡಿಮೆಯೆ?

ಪಂಪ್‌ಗೆ ಬಂದದ್ದು ಎದೆಯ ಹಾಲಿನ ಅಳತೆಯಲ್ಲ. ಚೆನ್ನಾಗಿ ಚೀಪುವ ಮಗು ಪಂಪ್‌ಗಿಂತ ಹೆಚ್ಚು ಎಳೆಯುತ್ತದೆ. ಅಳೆಯಬೇಕಾದ್ದು ಮಗುವನ್ನು: ತೂಕ ಏರುತ್ತಿದೆಯೆ, ದಿನಕ್ಕೆ ಆರು ಅಥವಾ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದೆಯೆ?

ಒಂದರಿಂದ ಆರು ತಿಂಗಳ ನಡುವೆ ಮಗುವಿಗೆ ಇಡೀ ದಿನಕ್ಕೆ ಸರಾಸರಿ 750ರಿಂದ 800 ಮಿಲಿಲೀಟರ್ ಹಾಲು ಬೇಕಾಗುತ್ತದೆ. ಈ ಅಳತೆ ತಿಂಗಳು ಕಳೆದಂತೆ ಹೆಚ್ಚೇನೂ ಏರುವುದಿಲ್ಲ. ಹತ್ತು ಗಂಟೆ ನೀವು ಹೊರಗಿದ್ದರೆ 300ರಿಂದ 400 ಬಿಟ್ಟುಹೋದರೆ ಸಾಕಾಗುವುದು ಹೆಚ್ಚು. ‘ಲೀಟರ್‌ಗಟ್ಟಲೆ ಬೇಕೇನೋ’ ಎಂಬ ಹೆದರಿಕೆ ಬಿಡಿ.

ಹಾಲು ಇಳಿಯದಿದ್ದರೆ ಮೊದಲು ಪಂಪ್‌ನ ಕೊಳವೆಬಾಯಿ ನಿಮ್ಮ ಅಳತೆಯದೇ ಎಂದು ನೋಡಿ. ಬಿಗಿಯಾದರೆ ನೋವು, ಸಡಿಲವಾದರೆ ಹಾಲು ಬಾರದು. ಮಗುವಿನ ಫೋಟೋ, ಅದರ ಬಟ್ಟೆಯ ವಾಸನೆ ಹಾಲು ಇಳಿಸುತ್ತವೆ. ತಾಯ್ತನದ ಭಾವುಕತೆಯಲ್ಲ, ಆಕ್ಸಿಟೋಸಿನ್ ಇಂಥ ಸುಳಿವುಗಳಿಗೆ ಓಗೊಡುತ್ತದೆ. ನಾನು ಸೀಸೆಗೆ ಮಗುವಿನ ಕಾಲುಚೀಲ ತೊಡಿಸಿಬಿಡುತ್ತಿದ್ದೆ. ಎಷ್ಟು ತುಂಬಿತು ಎಂದು ಕಾಣದಿದ್ದರೆ ಆತಂಕವೂ ಇಲ್ಲ. ವಾರದ ಕೊನೆಯ ದಿನ ಹಾಲು ಕಡಿಮೆ, ರಜೆಯಲ್ಲಿ ಮಗು ಕುಡಿದ ಮೇಲೆ ಮತ್ತೆ ಹೆಚ್ಚು, ಈ ಏರಿಳಿತವೂ ಸಾಮಾನ್ಯ.

ಮಗು ಬಾಟಲಿ ಮುಟ್ಟುವುದೇ ಇಲ್ಲ. ಏನು ಮಾಡಲಿ?

ನೀವು ಕೊಡಬೇಡಿ, ಬೇರೆಯವರು ಕೊಡಲಿ. ತಾಯಿ ಪಕ್ಕದಲ್ಲೇ ಇರುವಾಗ ರಬ್ಬರನ್ನು ಯಾಕೆ ಚೀಪಬೇಕೆಂಬುದು ಮಗುವಿನ ನ್ಯಾಯವಾದ ವಾದ. ವಿಪರೀತ ಹಸಿಯುವ ಮುಂಚೆ, ನಿದ್ದೆಗಣ್ಣಿನಲ್ಲಿರುವಾಗ ಪ್ರಯತ್ನಿಸಿ. ಬಾಟಲಿಯೇ ಆಗಬೇಕೆಂದೂ ಇಲ್ಲ. ಸಣ್ಣ ಲೋಟ, ಚಮಚ, ಒಳಲೆಯಲ್ಲಿ ಎಳೆಮಗುವೂ ಕುಡಿಯುತ್ತದೆ. ಲೋಟವನ್ನು ತುಟಿಗೆ ತಾಗಿಸಿ ಹಿಡಿದರೆ ಮಗು ತಾನೇ ನೆಕ್ಕಿಕೊಳ್ಳುತ್ತದೆ, ಬಾಯಿಗೆ ಸುರಿಯಬಾರದು.

ಕೆಲವು ಮಕ್ಕಳು ಹಗಲೆಲ್ಲ ಚೂರೇ ಚೂರು ಕುಡಿದು, ರಾತ್ರಿ ತಾಯಿ ಸಿಕ್ಕಾಗ ಬಾಕಿ ವಸೂಲಿ ಮಾಡುತ್ತವೆ. ತೂಕ ಸರಿಯಿದ್ದರೆ ಚಿಂತೆಯಿಲ್ಲ. ನಿಮ್ಮ ನಿದ್ದೆಯ ಚಿಂತೆ ಬೇರೆ.

ಮನೆಯವರು ಏನು ಮಾಡಬಹುದು?

ಮಾತಿಗಿಂತ ಪಾತ್ರೆ ತೊಳೆಯಿರಿ. ಪಂಪ್‌ನ ಬಿಡಿಭಾಗಗಳನ್ನು ದಿನಾ ಬಿಸಿ ಸೋಪುನೀರಿನಲ್ಲಿ, ಅದಕ್ಕೇ ಮೀಸಲಾದ ಪಾತ್ರೆಯಲ್ಲಿ ತೊಳೆದು ಗಾಳಿಗೆ ಒಣಗಿಸುವುದು ಗಂಡನ ಕೆಲಸವೆಂದು ಮೊದಲ ದಿನವೇ ನಿಶ್ಚಯಿಸಿಕೊಳ್ಳಿ. ಎರಡು ತಿಂಗಳೊಳಗಿನ ಮಗುವಾದರೆ ದಿನಕ್ಕೊಮ್ಮೆ ಕುದಿಸುವುದೂ ಸೇರಲಿ.

ಮಗುವನ್ನು ನೋಡಿಕೊಳ್ಳುವ ಅಜ್ಜಿಯರಿಗೆ ಒಂದು ವಿನಂತಿ. ತಾಯಿ ಬರುವ ಹೊತ್ತಿಗೆ ಮುಂಚಿನ ಅರ್ಧ ಮುಕ್ಕಾಲು ಗಂಟೆ ಹೊಟ್ಟೆ ತುಂಬ ಕುಡಿಸಬೇಡಿ. ತುಂಬಿದ ಎದೆಯೊಂದಿಗೆ ಓಡಿ ಬಂದವಳಿಗೆ ಮಗು ಮಲಗಿಬಿಟ್ಟಿದೆ ಎಂದರೆ ಅಳುವೇ ಬರುತ್ತದೆ. ಮತ್ತು ‘ಹಾಲು ಸಾಲ್ತಿಲ್ಲ ಅನ್ಸುತ್ತೆ’ ಎಂಬ ಮಾತನ್ನು ತೂಕ ನೋಡದೆ ಆಡಬೇಡಿ. ನಮ್ಮಮ್ಮ ಒಳ್ಳೆಯ ಮನಸ್ಸಿನಿಂದಲೇ ಹಾಗೆಂದಿದ್ದರು. ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ, ಮರುದಿನ ಹಾಲು ನಿಜವಾಗಿಯೂ ಕಡಿಮೆ ಬಂತು.

ಬಸ್ಸಿನಲ್ಲಿ, ಪಾರ್ಕಿನಲ್ಲಿ ಯಾರಾದರೂ ಹಾಲೂಡಿಸುತ್ತಿದ್ದರೆ ನಾವು ಹೇಗಿರಬೇಕು?

ಪಕ್ಕದಲ್ಲಿ ಯಾರಾದರೂ ಬಾಳೆಹಣ್ಣು ತಿನ್ನುತ್ತಿದ್ದರೆ ಹೇಗಿರುತ್ತೀರೋ ಹಾಗೆ. ಮುಖ ಕಾಣುವಷ್ಟು ನೋಡಿ, ನಸುನಕ್ಕು, ನಿಮ್ಮ ಪಾಡಿಗೆ ನೀವಿರಿ. ಮೂಲೆಯ ಸೀಟು ಬಿಟ್ಟುಕೊಡಿ, ಅವರ ಚೀಲ ಹಿಡಿದುಕೊಳ್ಳಿ, ಜೊತೆಗಿರುವ ದೊಡ್ಡ ಮಗುವನ್ನು ಎರಡು ನಿಮಿಷ ಮಾತಾಡಿಸಿ. ಬಟ್ಟೆ ಹೊದೆಯುವುದು ಬಿಡುವುದು ತಾಯಿಯ ಇಷ್ಟ. ಸೆಕೆಯಲ್ಲಿ ತಲೆಯ ಮೇಲೆ ಬಟ್ಟೆ ಎಳೆದರೆ ಕಾಲು ಝಾಡಿಸಿ ಕಿತ್ತೆಸೆಯುವ ಮಕ್ಕಳಿವೆ. ‘ಒಳಗೆ ಹೋಗಿ ಕುಡಿಸಬಾರದೆ’ ಎಂದು ಯಾರಾದರೂ ಅಂದರೆ, ಆಕೆಗಿಂತ ಮುಂಚೆ ನೀವೇ ‘ಪರವಾಗಿಲ್ಲ, ಕುಡೀಲಿ ಬಿಡಿ’ ಎನ್ನಿ. ಮೂರನೆಯವರ ಆ ಒಂದು ಮಾತಿನಿಂದ ತಾಯಿಯ ಬೆನ್ನು ನೇರವಾಗುವುದನ್ನು ನಾನು ಕಂಡಿದ್ದೇನೆ.

ಹಾಲುಪುಡಿ ಕೊಡುವ ತಾಯಂದಿರಿಗೆ ಇದೆಲ್ಲ ಚುಚ್ಚುಮಾತಾಗುವುದಿಲ್ಲವೆ?

ಆಗಬಾರದು. ಕಾಯಿಲೆ, ಔಷಧಿ, ಹಾಲು ಬಾರದಿರುವುದು, ಸಾಕಾಗಿಹೋಗುವುದು ಎಲ್ಲವೂ ಕಾರಣಗಳೇ. ಯಾವ ತಾಯಿಯೂ ಅವನ್ನು ಬಂದವರ ಮುಂದೆ ವಿವರಿಸಬೇಕಿಲ್ಲ. ನನ್ನ ಜಗಳವಿರುವುದು ಜಾಹೀರಾತಿನ ಜೊತೆ. 1981ರಲ್ಲೇ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿ ಪದಾರ್ಥಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯೊಂದನ್ನು ಒಪ್ಪಿ, ಜನರಿಗೆ ಜಾಹೀರಾತು, ತಾಯಂದಿರಿಗೆ ಪುಕ್ಕಟೆ ಮಾದರಿ ಕೊಡಬಾರದೆಂದು ಹೇಳಿತು. ಹಾಲುಪುಡಿ ಕಂಪನಿಯ ಲೋಗೋ ಇರುವ ಉಡುಗೊರೆ ಚೀಲವನ್ನು ಹೊಸ ತಾಯಿಗೆ ಹಂಚುವ ಕಚೇರಿ ಆ ಕಡೆಯೂ ಒಂದು ಕಣ್ಣಿಟ್ಟಿರಲಿ.

ಎದೆಯಲ್ಲಿ ಗಡ್ಡೆ, ನೋವು, ಜ್ವರ. ಹಾಲೂಡಿಸಬಹುದೆ?

ಊಡಿಸಬಹುದು, ಊಡಿಸಬೇಕು, ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ. ಹೊತ್ತು ತಪ್ಪಿದ ದಿನಗಳಲ್ಲೇ ಇದು ಬರುವುದು ಹೆಚ್ಚು. ಜೋರಾಗಿ ಉಜ್ಜಿ ಗಡ್ಡೆ ಕರಗಿಸಲು ಹೋಗಬೇಡಿ, ಊತ ಹೆಚ್ಚುತ್ತದೆ. ತಣ್ಣನೆಯ ಪಟ್ಟಿ ಆರಾಮ ಕೊಡುತ್ತದೆ. ಚಳಿಜ್ವರ ಬಂದರೆ, ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ. ಆಂಟಿಬಯಾಟಿಕ್ ಬೇಕಾದರೂ ಹಾಲೂಡಿಸುವವರಿಗೆ ಹೊಂದುವಂಥವು ಇವೆ. ‘ನಾನು ಹಾಲೂಡಿಸುತ್ತಿದ್ದೇನೆ’ ಎಂದು ಮೊದಲೇ ಹೇಳಿ.

ರಾಸಾಯನಿಕಗಳ ನಡುವೆ ಕೆಲಸ ಮಾಡುತ್ತೇನೆ. ಹಾಲಿಗೆ ಸೇರುತ್ತದೆಯೆ?

ಕೆಲವು ಸೇರುತ್ತವೆ. ಸೀಸ, ಪಾದರಸ, ಕೆಲವು ದ್ರಾವಕಗಳು, ಕ್ಯಾನ್ಸರ್ ಔಷಧಿಗಳು, ವಿಕಿರಣಶೀಲ ಅಯೋಡಿನ್ ಇವುಗಳ ಜೊತೆ ಕೆಲಸವಿದ್ದರೆ ರಜೆ ಮುಗಿಸಿ ಬರುವ ಮುಂಚೆಯೇ ಸಂಸ್ಥೆಯ ವೈದ್ಯರಿಗೆ ತಿಳಿಸಿ, ಬೇರೆ ಕೆಲಸ ಕೇಳಿ. ಎಕ್ಸ್‌ರೇ ತೆಗೆಸಿಕೊಂಡರೆ ಹಾಲಿಗೆ ಏನೂ ಆಗುವುದಿಲ್ಲ. ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ಆಗಸ್ಟ್‌ನಲ್ಲಿ ಸ್ತನ್ಯಪಾನ ಸಪ್ತಾಹ ಮಾಡಬೇಕೆಂದಿದ್ದೇವೆ. ಏನು ಮಾಡಬಹುದು?

ಆಗಸ್ಟ್ 1ರಿಂದ 7ರವರೆಗಿನ ಈ ವಾರ 1992ರಿಂದ ನಡೆದುಬಂದಿದೆ. ಅದರ ಮೂಲ 1990ರ ಆಗಸ್ಟ್ 1ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆದ ಇನ್ನೊಚೆಂಟಿ ಘೋಷಣೆ. ಅದು ನಡೆದ ಕಟ್ಟಡ ಶತಮಾನಗಳ ಹಿಂದೆ ತಂದೆತಾಯಿ ಬಿಟ್ಟುಹೋದ ಶಿಶುಗಳಿಗೆಂದು ಕಟ್ಟಿದ ಆಶ್ರಯ. ದುಡಿಯುವ ತಾಯಂದಿರ ವಿಷಯವೇ 2015 ಮತ್ತು 2023ರ ಸಪ್ತಾಹಗಳ ಘೋಷವಾಕ್ಯವಾಗಿತ್ತು.

ಭಾಷಣ ಬೇಡ ಎಂದಲ್ಲ. ಆದರೆ ಬ್ಯಾನರ್ ಕಟ್ಟುವ ದುಡ್ಡಿನಲ್ಲಿ ಚಿಲಕ ಬರುತ್ತದೆ. ಸಪ್ತಾಹಕ್ಕೆಂದು ಉದ್ಘಾಟನೆಯಾದ ಕೋಣೆಯೊಂದರಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಮುರಿದ ಕುರ್ಚಿಗಳು ತುಂಬಿದ್ದನ್ನು ನೋಡಿದ್ದೇನೆ. ಬೀಗದ ಕೈ ಯಾರ ಹತ್ತಿರ, ಕಸ ಗುಡಿಸುವವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ರಿಬ್ಬನ್ ಕತ್ತರಿಸಿ.

ಕೆಲಸದಲ್ಲಿ ಹಿಂಡುವುದನ್ನು ಯಾವಾಗ, ಹೇಗೆ ನಿಲ್ಲಿಸುವುದು?

ನಿಮಗೆ ಅನ್ನಿಸಿದಾಗ. ಮಗುವಿಗೆ ವರ್ಷ ತುಂಬಿ, ಊಟ ಚೆನ್ನಾಗಿ ಮಾಡತೊಡಗಿದ ಮೇಲೆ ಬಹಳ ಮಂದಿ ಹಗಲಿನ ಹಿಂಡುವಿಕೆ ಬಿಟ್ಟು, ಬೆಳಗ್ಗೆ ಮತ್ತು ರಾತ್ರಿ ಎದೆಗೆ ಹಾಕಿಕೊಳ್ಳುವುದನ್ನು ಮುಂದುವರಿಸುತ್ತಾರೆ. ಒಮ್ಮೆಗೇ ನಿಲ್ಲಿಸಿದರೆ ಎದೆ ಕಟ್ಟಿಕೊಳ್ಳುತ್ತದೆ. ಒಂದು ಹೊತ್ತನ್ನು ಬಿಟ್ಟು, ಮೂರು ನಾಲ್ಕು ದಿನ ಕಾದು, ಇನ್ನೊಂದನ್ನು ಬಿಡಿ. ಬಿಗಿಯೆನಿಸಿದರೆ ಹಗುರವಾಗುವಷ್ಟು ಮಾತ್ರ ಹಿಂಡಿ, ಪೂರ್ತಿ ಬೇಡ.

ನಾನು ನಿಲ್ಲಿಸಿದ ವಾರ ಬೀಗದ ಕೈ ವಾಪಸು ಕೊಡಲು ಹೋದೆ. ಆಡಳಿತದಾಕೆ ತೆಗೆದುಕೊಳ್ಳಲಿಲ್ಲ. ‘ಲೆಕ್ಕಪತ್ರ ವಿಭಾಗದ ಹುಡುಗಿ ಮುಂದಿನ ತಿಂಗಳು ಬರ್ತಾಳಲ್ಲಾ, ಅವಳ ಕೈಗೇ ಕೊಟ್ಬಿಡಿ’ ಎಂದಳು.